ಭಾವಾ, ಈ ಭಾನುವಾರ ಕೋಟಿಂಗ್ ಬೇಡ

ಭಾವಾ, ಗ್ರೂಪಿನಲ್ಲಿ ನೀವು ಕೇಳಿದ್ದು ಈಗ ನೋಡಿದೆ. ಗ್ಯಾರೇಜಿಗೆ ಕಾಂಕ್ರೀಟ್ ಹಾಕಿಸಿ ಎರಡು ವಾರ ಆಯ್ತು, ಭಾನುವಾರ ನೆಲಕ್ಕೆ ಎಪಾಕ್ಸಿ, ಅಂದರೆ ಗಟ್ಟಿ ರಾಳದ ಕೋಟಿಂಗ್, ಹೊಡೆಸಿಬಿಡಲಾ, ಬೇರೆ ಏನಾದರೂ ಒಳ್ಳೆಯದಿದೆಯಾ ಅಂತ ಕೇಳಿದ್ದೀರಿ. ಟೈಪ್ ಮಾಡುತ್ತಾ ಕೂತರೆ ಮುಗಿಯಲ್ಲ, ಮಾತಿನಲ್ಲೇ ಹೇಳುತ್ತೇನೆ.

ಈ ಭಾನುವಾರ ಮಾತ್ರ ಬೇಡ. ಕನಿಷ್ಠ 28 ದಿನ ಆಗಲಿ. ಕೈ ಇಟ್ಟರೆ ನೆಲ ಒಣಗಿದ ಹಾಗೇ ಇರುತ್ತದೆ, ಒಳಗೆ ಇನ್ನೂ ನೀರಿರುತ್ತದೆ. ಅದು ಆವಿಯಾಗಿ ಮೇಲೆ ಬರುತ್ತಲೇ ಇರುತ್ತದೆ. ಅದಕ್ಕೆ ದಾರಿ ಮುಚ್ಚಿದರೆ ಕೋಟಿಂಗ್ ಗುಳ್ಳೆ ಏಳುತ್ತದೆ.

ನಾನು ಇದೇ ಅವಸರ ಮಾಡಿದ್ದೆ. ಹದಿನೈದನೇ ದಿನಕ್ಕೇ ಹೊಡೆಸಿದೆ, ನೆಲ ಉಜ್ಜಿಸಲೂ ಇಲ್ಲ. ಎರಡು ತಿಂಗಳಾಗಿರಬೇಕು, ಒಂದು ದಿನ ಕಾರು ಹಿಂದೆ ತೆಗೆದರೆ ಚಕ್ರ ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಪದರ ಟೈರಿಗೆ ಅಂಟಿಕೊಂಡು ಬಂತು. ಚೂರನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಪೂರ್ತಿ ಬೂದು ಪುಡಿ, ಬೆರಳಲ್ಲಿ ಉಜ್ಜಿದರೆ ಉದುರುತ್ತಿತ್ತು. ಎಪಾಕ್ಸಿ ಮುರಿಯಲಾಗದಷ್ಟು ಗಟ್ಟಿ! ಆದರೆ ಅದು ಹಿಡಿದಿದ್ದು ಸಿಮೆಂಟ್ ಹಾಲಿನ ಪದರವನ್ನು, ಅಂದರೆ ಕಾಂಕ್ರೀಟ್ ಹಾಕಿದಾಗ ಮೇಲೆ ತೇಲಿ ಬಂದು ಒಣಗಿದ ಸಡಿಲ ಸಿಮೆಂಟನ್ನು. ಬಿಸಿ ಟೈರ್ ಎಳೆದಾಗ ಎರಡೂ ಒಟ್ಟಿಗೆ ಎದ್ದು ಬಂದವು.

ಅದಕ್ಕೇ ಹೇಳುವುದು, ಯಾವ ಡಬ್ಬಿ ಅಂತ ಯೋಚಿಸುವ ಮೊದಲು ನೆಲ ನೋಡಿ. 28 ದಿನ ಕಳೆದ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಶೀಟನ್ನು ನೆಲಕ್ಕೆ ಹಾಸಿ, ನಾಲ್ಕೂ ಕಡೆ ಗಾಳಿಯಾಡದ ಹಾಗೆ ಟೇಪ್ ಹಚ್ಚಿ. ಕನಿಷ್ಠ 16 ಗಂಟೆ ಬಿಡಿ, ಒಂದು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಎತ್ತಿದಾಗ ಒಳಗೆ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಎರಡು ಮೂರು ಜಾಗದಲ್ಲಿ ಮಾಡಿ, ಗೋಡೆ ಬದಿಯಲ್ಲೂ.

ಆಮೇಲೆ ಆ ಸಡಿಲ ಪದರ ಹೋಗುವ ಹಾಗೆ ಡೈಮಂಡ್ ಗ್ರೈಂಡರ್, ಅಂದರೆ ನೆಲ ಉಜ್ಜುವ ಮಷೀನ್, ಹೊಡೆಸಿ. ಆಸಿಡ್ ಹಾಕಿ ತೊಳೆಯೋಣ ಅಂತಾರೆ ಕೆಲವರು. ನನಗೆ ಅದು ಇಷ್ಟವಿಲ್ಲ, ಒಣಗಿದ ನೆಲಕ್ಕೆ ಮತ್ತೆ ನೀರು ಕುಡಿಸಿದ ಹಾಗೆ. ಉಜ್ಜಿಸಿ ಧೂಳು ತೆಗೆದ ಮೇಲೆ ನಾಲ್ಕು ಹನಿ ನೀರು ಬಿಡಿ. ಹೀರಿಕೊಂಡರೆ ಸರಿ. ಮುತ್ತಿನ ಹಾಗೆ ನಿಂತರೆ ಕ್ಯೂರಿಂಗ್ ಕಾಂಪೌಂಡ್, ಅಂದರೆ ಹೊಸ ಕಾಂಕ್ರೀಟ್ ಬೇಗ ಒಣಗದಿರಲಿ ಅಂತ ಮೇಲೆ ಹೊಡೆಯುವ ದ್ರವ, ಏನಾದರೂ ಉಳಿದಿರಬಹುದು, ಮೇಸ್ತ್ರಿಯನ್ನು ಕೇಳಿ. ಕಾಂಕ್ರೀಟಿನ ಅಡಿಗೆ ಪ್ಲಾಸ್ಟಿಕ್ ಶೀಟ್ ಹಾಕಿದ್ದರಾ ಅಂತಲೂ ಕೇಳಿಬಿಡಿ. ಹಾಕಿಲ್ಲದಿದ್ದರೆ ಮಣ್ಣಿನ ತೇವ ಯಾವಾಗ ಬೇಕಾದರೂ ಮೇಲೆ ಬರಬಹುದು.

ಇನ್ನು ಆಯ್ಕೆ. ಅಡಿಗೆ ಶೀಟ್ ಇದ್ದು, ನೆಲವೂ ಒಣಗಿದ್ದರೆ ಎರಡು ಭಾಗ ಬೆರೆಸುವ ದಪ್ಪ ಎಪಾಕ್ಸಿ ಹಾಕಿಸಿ. ಎಣ್ಣೆ ಬಿದ್ದರೂ ಒರೆಸಿದರೆ ಹೋಗುತ್ತದೆ. ಆದರೆ ನಿಮ್ಮ ಬಾಗಿಲ ಕಡೆ ಬಿಸಿಲು ಬೀಳುತ್ತದೆ ಅಲ್ವಾ, ಬಿಸಿಲಿಗೆ ಎಪಾಕ್ಸಿ ಹಳದಿಯಾಗುತ್ತದೆ. ಬಿಸಿಲು ತಡೆಯುವ ಪಾಲಿಯುರೆಥೇನ್ ಒಂದು ಕೋಟ್ ಅದರ ಮೇಲೆ ಬೇಕೇ ಬೇಕು. ಅದರಲ್ಲಿ ಸ್ವಲ್ಪ ಜಾರದ ಹರಳು ಬೆರೆಸಲು ಹೇಳಿ, ಒದ್ದೆ ಕಾಲಲ್ಲಿ ಅಕ್ಕ ಬಂದರೆ ಕಷ್ಟ. ಎಲ್ಲ ಮುಗಿದ ಮೇಲೂ ಒಂದು ವಾರ ಕಾರು ಹೊರಗೇ ನಿಲ್ಲಲಿ. ಪಾಲಿಯಾಸ್ಪಾರ್ಟಿಕ್ ಅಂತ ಇನ್ನೊಂದು ಕೋಟಿಂಗ್ ಇದೆ, ಅದಾದರೆ ಮಾರನೇ ದಿನವೇ ಕಾರು ತರಬಹುದು, ಆದರೆ ಅದು ಬೇಗ ಗಟ್ಟಿಯಾಗುತ್ತದೆ, ಕೈ ಪಳಗಿದವರೇ ಬೇಕು. ಅಕ್ರಿಲಿಕ್ ಕೋಟಿಂಗ್ ಬೇಡ, ಟೈರಿನ ಬಿಸಿಗೆ ಮೆತ್ತಗಾಗುತ್ತದೆ.

ತೇವ ನಿಲ್ಲದಿದ್ದರೆ ಮೇಲೆ ಪದರ ಕಟ್ಟುವ ಯಾವುದೂ ಬೇಡ. ಒಳಗೆ ಇಳಿಯುವ ಸೀಲರ್ ಸಿಗುತ್ತದೆ, ಸಿಲೇನ್-ಸಿಲಾಕ್ಸೇನ್ ಅಂತ. ನೀರು ಒಳಗೆ ಬಿಡುವುದಿಲ್ಲ, ಆವಿಯನ್ನು ಹೊರಗೆ ಬಿಡುತ್ತದೆ. ಹೊಳಪಿರುವುದಿಲ್ಲ, ಎಣ್ಣೆ ಬಿದ್ದರೆ ತಕ್ಷಣ ಒರೆಸಬೇಕು. ಆದರೆ ಪದರವೇ ಇಲ್ಲದ ಮೇಲೆ ಏಳುವುದೇನು?

ಶೀಟ್ ಎತ್ತಿದ ದಿನ ಒಂದು ಫೋಟೋ ಹಾಕಿ ಭಾವಾ. ಅದನ್ನು ನೋಡಿಕೊಂಡು ಫೋನ್ ಮಾಡುತ್ತೇನೆ.