‘ನಿಂಬಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಮ್ಮ ಕನ್ನಡ ಕೂಟದ ಸಂಚಿಕೆಗೆ ಅಮೆರಿಕದ ಬರ್ಕ್ಲಿ ಊರಿನ ಪೀಪಲ್ಸ್ ಪಾರ್ಕ್ ಎಂಬ ಉದ್ಯಾನದ ಜಗಳದ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸುಮಾರು 1,100 ವಿದ್ಯಾರ್ಥಿಗಳಿಗೆ ವಸತಿ ಕಟ್ಟಲು ಹೊರಟಿತು. ಸುತ್ತಲಿನ ಕೆಲವರು ಕೋರ್ಟಿಗೆ ಹೋದರು. ವಿದ್ಯಾರ್ಥಿಗಳ ಗದ್ದಲವನ್ನೂ ಪರಿಸರಕ್ಕೆ ಆಗುವ ತೊಂದರೆಯ ಲೆಕ್ಕಕ್ಕೆ ಸೇರಿಸಬೇಕಿತ್ತು ಎಂದು 2023ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಮಕ್ಕಳ ಮಾತು, ನಗುವೂ ಮಾಲಿನ್ಯವೇ? ಓದಿ ಬೇಜಾರಾಯಿತು. ಅದೇ ವರ್ಷ ರಾಜ್ಯದ ಶಾಸನಸಭೆ ಕಾನೂನನ್ನೇ ತಿದ್ದಿತು. 2024ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕಟ್ಟಲು ದಾರಿ ಬಿಟ್ಟಿತು.

ನಾನು ಸಿಕ್ಕಿಕೊಂಡಿರುವುದು ‘ನಿಂಬಿ’ ಎಂಬ ಪದದಲ್ಲಿ. ‘ನನ್ನ ಹಿತ್ತಲಲ್ಲಿ ಬೇಡ’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಸೇರಿ ಆದದ್ದು. ತಮ್ಮ ಮನೆ ಹತ್ತಿರ ಹೊಸದೇನನ್ನೂ ಕಟ್ಟಬೇಡಿ ಅನ್ನುವವರಿಗೆ ಹೀಗನ್ನುತ್ತಾರೆ. ಹಾಗೇ ಬರೆದರೆ ಧಾರವಾಡದ ಕಡೆಯವರಿಗೆ ನಿಂಬಿಹಣ್ಣು ನೆನಪಾಗುತ್ತದೆ. ‘ಹಿತ್ತಲು’ ಉಳಿಸಿಕೊಳ್ಳೋಣವೆಂದರೆ ನಮ್ಮ ಹಿತ್ತಲೇ ಬೇರೆ, ಅಲ್ವಾ? ಬಚ್ಚಲ ನೀರು ಹರಿದು ಬಾಳೆ, ಕರಿಬೇವು ಬೆಳೆಯುವ ಜಾಗ ಅದು. ನಾವು ಜಗಳಕ್ಕೆ ನಿಲ್ಲುವುದು ಮುಂಬಾಗಿಲ ಕಡೆ. ‘ನಮ್ಮ ಮನೆ ಮುಂದೆ ಬೇಡ’, ‘ನಮ್ಮ ಏರಿಯಾದಲ್ಲಿ ಬೇಡ’ ಅನ್ನುತ್ತೇವೆ.

‘ವಸತಿ ವಿರೋಧಿ’ ಆಗಬಹುದೆಂದು ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಈ ಜನ ಮನೆಗಳೇ ಬೇಡ ಅನ್ನುವುದಿಲ್ಲ. ‘ಮನೆ ಬೇಕು ನಿಜ, ಇಲ್ಲಿ ಮಾತ್ರ ಬೇಡ’ ಅನ್ನುತ್ತಾರೆ. ಆ ‘ಬೇಕು ನಿಜ’ ಪದದೊಳಗೆ ಕೇಳಿಸಬೇಕು. ಹಾಗೆಂದು ಬೇಡ ಅಂದವರಿಗೆಲ್ಲ ಇದನ್ನು ಅಂಟಿಸಬಾರದು. ವರ್ಷಗಟ್ಟಲೆ ಬೆಂಗಳೂರಿನ ಕಸ ಹೊತ್ತ ಮಂಡೂರಿನವರು 2014ರಲ್ಲಿ ಸಾಕು ಎಂದರು. ಅವರನ್ನೂ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಬೇಡ ಅನ್ನುವವರನ್ನೂ ಒಂದೇ ಹೆಸರಿನಿಂದ ಕರೆದರೆ ಅನ್ಯಾಯ.

ಸದ್ಯಕ್ಕೆ ‘ಆಚೆ ಕಟ್ಟಿ ಬಣ’ ಅಂತ ಬರೆದಿದ್ದೇನೆ. ಕಟ್ಟಿ ಅನ್ನುವುದೂ ಇದೆ, ಇಲ್ಲಿಂದ ದೂರ ಅನ್ನುವುದೂ ಇದೆ. ಇವರ ಎದುರು ಪಕ್ಷ, ಅಂದರೆ ‘ನನ್ನ ಹಿತ್ತಲಲ್ಲಿ ಆಗಲಿ’ ಅನ್ನುವ ‘ಯಿಂಬಿ’ಗೆ ‘ಇಲ್ಲೇ ಕಟ್ಟಿ ಬಣ’ ಸಲೀಸಾಗಿ ಒದಗುತ್ತದೆ. ಒಂದೇ ಅನುಮಾನ: ಉತ್ತರ ಕರ್ನಾಟಕದಲ್ಲಿ ಕಟ್ಟೆಗೂ ‘ಕಟ್ಟಿ’ ಅಂತಾರೆ. ಆ ಕಡೆಯವರು ಓದಿ ನೋಡಿ, ಎಡವಿದಂತಾಗುತ್ತದೆಯೇ?

ಇನ್ನೊಂದು. ಹೊಸ ಮನೆ ಬಂದರೆ ಬೀದಿಯ ‘ಕ್ಯಾರೆಕ್ಟರ್’ ಕೆಡುತ್ತದೆ ಎಂಬ ಮಾತು ಅಲ್ಲಿ ಜಾಸ್ತಿ. ಕನ್ನಡದಲ್ಲಿ ಕ್ಯಾರೆಕ್ಟರ್ ಅಂದರೆ ನಡತೆಯ ಮಾತಾಗುತ್ತದೆ. ‘ಬೀದಿಯ ಕಳೆ’ ಅನ್ನಬಹುದೇ? ಕಿತ್ತು ಹಾಕುವ ಕಳೆ ನೆನಪಾಗದಂತೆ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ.