ಅಪ್‌ಡೇಟ್: ಮನೆ ಕಂಪ್ಯೂಟರ್‌ಗೆ ಕೊನೆಗೂ ಯಾವ ಆಂಟಿವೈರಸ್ ಇಟ್ಟುಕೊಂಡೆ

ಕಂಪ್ಯೂಟರ್ ಜೊತೆ ಬಂದಿದ್ದ ಆಂಟಿವೈರಸ್‌ನ ಟ್ರಯಲ್ ಮುಗಿದಿದೆ, ದುಡ್ಡು ಕೊಟ್ಟು ಮುಂದುವರಿಸಲಾ ಅಥವಾ ವಿಂಡೋಸ್ 11ರಲ್ಲೇ ಇರುವ ಡಿಫೆಂಡರ್ ಸಾಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಡಿಫೆಂಡರನ್ನೇ ಇಟ್ಟುಕೊಂಡೆ.

ಎರಡೂ ಒಟ್ಟಿಗಿದ್ದರೆ ರಕ್ಷಣೆ ಜಾಸ್ತಿ ಅಲ್ವಾ ಅಂತ ಒಬ್ಬರು ಕೇಳಿದ್ದರು. ಹಾಗಾಗಲ್ಲ. ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ ತಾನಾಗೇ ಆನ್ ಆಯ್ತು. ನಿಜಕ್ಕೂ ಕೆಲಸ ಮಾಡುತ್ತಾ ಅಂತ ನೋಡಲು ಐಕಾರ್ ಪರೀಕ್ಷಾ ಸಾಲನ್ನು ನೋಟ್‌ಪ್ಯಾಡ್‌ಗೆ ಹಾಕಿ ಸೇವ್ ಮಾಡಿದೆ. 68 ಅಕ್ಷರಗಳ ಸಾಲು ಅದು, ಯಾವ ಹಾನಿಯೂ ಇಲ್ಲ. ಆಂಟಿವೈರಸ್ ಎಚ್ಚರವಾಗಿದೆಯಾ ಅಂತ ನೋಡಲಿಕ್ಕೇ ಮಾಡಿದ್ದು. ಸೇವ್ ಆಗುತ್ತಿದ್ದಂತೆ ಮೂಲೆಯಲ್ಲಿ ಎಚ್ಚರಿಕೆ ಬಂತು, ಫೈಲ್ ಮಾಯ!

ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಂ) ಭಯಕ್ಕೆ ನೀವು ಹೇಳಿದ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಕೂಡ ಆನ್ ಮಾಡಿದೆ. ಮಾಮೂಲಾಗಿ ಅದು ಆಫ್ ಇರುತ್ತದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಿಗೆ ನಂಬಿಕೆ ಇಲ್ಲದ ಪ್ರೋಗ್ರಾಂ ಕೈ ಹಾಕದಂತೆ ತಡೆಯುತ್ತದೆ. ಸ್ವಲ್ಪ ಕಿರಿಕಿರಿಯೂ ಇದೆ. ನನ್ನ ಹಳೇ ಫೋಟೋ ಎಡಿಟರ್ ಸೇವ್ ಮಾಡಲು ಹೋದರೆ ಅದನ್ನೂ ತಡೆಯಿತು. ಅನುಮತಿ ಪಟ್ಟಿಗೆ ಸೇರಿಸಿದ ಮೇಲೆ ಸರಿಹೋಯ್ತು.

ಪೇಯ್ಡ್ ಪ್ಯಾಕ್‌ಗಳಲ್ಲಿ ಸಿಗುವ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಮರೆಮಾಡುವ ಸೇವೆ), ಕ್ಲೀನರ್ ಎಲ್ಲ ನನಗೆ ಸುಮ್ನೆ ಭಾರ ಅನ್ನಿಸಿತು. ಬದಲಿಗೆ ಫೋಟೋಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ, ಡಿಸ್ಕ್ ಬಿಚ್ಚಿ ಎತ್ತಿಟ್ಟಿದ್ದೇನೆ. ಮನೆಯವರಿಗೆಲ್ಲ ಅಡ್ಮಿನ್ (ಕಂಪ್ಯೂಟರ್ ಮೇಲೆ ಪೂರ್ತಿ ಅಧಿಕಾರ ಇರುವ) ಅಲ್ಲದ ಅಕೌಂಟ್ ಮಾಡಿಕೊಡುವುದು ಇನ್ನೂ ಬಾಕಿ.