ಅಪ್‌ಡೇಟ್: ಕಿವಿ ತುರಿಕೆ, ಕೊನೆಗೆ ಸಿಕ್ಕಿದ್ದು ಫಂಗಸ್

ಮೂರು ವಾರದ ಹಿಂದೆ ಕೇಳಿದ್ದೆ, ಬಲಗಿವಿಯಲ್ಲಿ ವಿಪರೀತ ತುರಿಕೆ, ಅರ್ಧ ಮುಚ್ಚಿದ ಹಾಗೆ, ಅತ್ತೆ ಹೇಳಿದ ಬೆಳ್ಳುಳ್ಳಿ ಎಣ್ಣೆ ಬಿಡಲಾ ಬೇಡವಾ ಅಂತ. ಉತ್ತರ ಬರುವ ಮೊದಲೇ ಬಿಟ್ಟುಕೊಂಡಿದ್ದೆ, ಬೈಯಬೇಡಿ.

ಕೊನೆಗೆ ಇಲ್ಲೇ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಇಎನ್‌ಟಿ ಡಾಕ್ಟರಿಗೆ ತೋರಿಸಿದೆ. ಫಂಗಸ್ ಅಂದರು. ಸ್ಕ್ರೀನಿನಲ್ಲಿ ನನಗೂ ತೋರಿಸಿದರು, ಒದ್ದೆ ಪೇಪರಿನ ಮೇಲೆ ಕರಿ ಚುಕ್ಕೆ ಬಿದ್ದ ಹಾಗೆ, ಥೇಟ್ ಬೂಷ್ಟು ಹಿಡಿದ ಬ್ರೆಡ್ಡು! ಮಳೆಗಾಲದ ಸೆಕೆ, ತೇವ, ಅದರ ಮೇಲೆ ನಾನು ದಿನಾ ಬಡ್ಸ್ ಹಾಕಿ ಕೆರೆಯುವುದು, ಎಣ್ಣೆ ಬೇರೆ, ಎಲ್ಲಾ ಸೇರಿ ಅದಕ್ಕೆ ಹಬ್ಬ. ಮೆಡಿಕಲ್‌ನಲ್ಲಿ ನಾನೇ ಕೇಳಿ ತಂದ ಆ್ಯಂಟಿಬಯೋಟಿಕ್ ಡ್ರಾಪ್ಸ್ ಕೂಡ ತಪ್ಪಂತೆ. ಅದು ಬ್ಯಾಕ್ಟೀರಿಯಾ ಕೊಂದು ಫಂಗಸ್ಸಿಗೆ ಜಾಗ ಮಾಡಿಕೊಡುತ್ತದೆ ಅಷ್ಟೇ.

ಸಕ್ಷನ್ ಹಾಕಿ ಕ್ಲೀನ್ ಮಾಡಿದರು. ನೋವಾಗಲಿಲ್ಲ, ಆದರೆ ಸದ್ದು ಮಾತ್ರ ಫಾಸ್ಟ್ ಲೋಕಲ್ ಟ್ರೇನ್ ಕಿವಿಯೊಳಗೇ ಹೋದ ಹಾಗೆ, ಸ್ವಲ್ಪ ತಲೆಯೂ ತಿರುಗಿತು. ಆಮೇಲೆ ಫಂಗಸ್ ಕೊಲ್ಲುವ ಕ್ಲೋಟ್ರಿಮಜೋಲ್ ಡ್ರಾಪ್ಸ್ ಕೊಟ್ಟರು. ತುರಿಕೆ ನಿಂತಿತು ಅಂತ ಮಧ್ಯೆ ಬಿಟ್ಟರೆ ಮತ್ತೆ ಬರುತ್ತದಂತೆ. ಸ್ನಾನಕ್ಕೆ ಮೊದಲು ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಡುತ್ತೇನೆ. ಕಿವಿಯ ಪರದೆ ತೂತಾಗಿರಲಿಲ್ಲ, ಪುಣ್ಯ. ತೂತಾಗಿದ್ದರೆ ಆ ಎಣ್ಣೆ ಸೀದಾ ನಡುಗಿವಿಗೆ ಇಳಿಯುತ್ತಿತ್ತು.

ಈಗ ಚೆನ್ನಾಗಿ ಕೇಳಿಸುತ್ತಿದೆ. ಎಣ್ಣೆಯಿಂದಲೇ ವಾಸಿಯಾಯಿತು ಅಂತ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿರುವುದೂ ಕೇಳಿಸುತ್ತಿದೆ.